ತೂಕಕ್ಕೆ ಬಂದ ಬೆಳಕು

ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿಯಲ್ಲಿ
ಮಧ್ಯಾಹ್ನವೂ ಹೊಗೆಯ ಬಣ್ಣದ್ದೇ.
ದಾದಾಪೀರನ ಗೋದಾಮು ಎಲ್ಲಿ ಅಂದರೆ
"ಬಾಬಿನ್ ಸಾಬರದಾ?" ಅಂತ
ಮೂಗಿಗೆ ಕಟ್ಟಿದ ವಸ್ತ್ರ ಸರಿಸದೆಯೇ
ಹುಡುಗನೊಬ್ಬ ಗಲ್ಲ ಎತ್ತಿ ತೋರಿಸಿದ.

ಮುಚ್ಚಿದ ಮಿಲ್ಲಿನ ಸಾಮಾನು ಅಲ್ಲಿ ತೂಕಕ್ಕೆ ಬಂದು ಬಿದ್ದಿದೆ:
ಬಾಗಿಲು, ಬೆಲ್ಟು ತಿರುಗಿಸುತ್ತಿದ್ದ ಮರದ ಗಾಲಿ,
ಮೂಟೆ ಮೂಟೆ ಬಾಬಿನ್ನು.
"ಒಲೆಗೇ ಅಂತ ತಂದಿದ್ದು ಅಕ್ಕ," ಅಂದ.
"ಎಣ್ಣೆ ಕುಡಿದ ಮರ, ಚಲೋ ಉರೀತಿತ್ತು.
ಮಾವನ ಭಟ್ಟಿಗೆ ಎರಡು ಮೂಟೆ ಹಾಕಿ ಆಗಿತ್ತು.
ಮೂರನೇದು ಸುರಿವಾಗ ಒಂದಕ್ಕೆ ನೂಲು ಇನ್ನೂ ಸುತ್ತಿತ್ತು,
ಒಂದು ಗೇಣು, ನೀಲಿ.
ಹಾಕಲಿಕ್ಕೆ ಕೈ ಬರಲಿಲ್ಲ.
ಹಾಕಿದ್ದರೆ ಏನಾಗ್ತಿತ್ತು? ಏನೂ ಆಗ್ತಿರಲಿಲ್ಲ.
ಮಂಡಕ್ಕಿ ಅರಳ್ತಿತ್ತು."
ಆ ಒಂದನ್ನು ಮಾತ್ರ ಮಾರುವುದಿಲ್ಲವಂತೆ.

ಹೇಳುತ್ತಲೇ ದೀಪ ಇಳಿಸಿ ಕೊಟ್ಟ.
ಸೈಕಲ್ ರಿಮ್ಮಿನ ತೂತಿಗೆ, ಒಂದು ಬಿಟ್ಟು ಒಂದಕ್ಕೆ,
ತೂಗುವ ಹದಿನೇಳು ಬಾಬಿನ್ನು;
ಹದಿನೆಂಟನೆಯದರಿಂದ ವೈರು ಮೇಲೇರುತ್ತದೆ.
ನಡುವೆ ಮರಳು ಸೋಸಿ ಸೋಸಿ ತೆಳುವಾದ ಭಟ್ಟಿಯ ಜರಡಿ,
ಅದರೊಳಗೆ ಒಂಬತ್ತು ವ್ಯಾಟಿನ ಬಲ್ಬು.
ಸಾವಿರದ ನಾನೂರು. ಇನ್ನೂರು ಇಳಿಸಿದ.
ಜೊತೆಗೊಂದು ಬೆಂಚು, ಮಿಲ್ಲಿನ ಬಾಗಿಲ ಹಲಗೆಯದು.
ಕೂರುವಲ್ಲಿ ಕೆಂಪು ಅಕ್ಷರ, ಗರಗಸ ಬಿದ್ದಲ್ಲಿಗೆ ನಿಂತಿದೆ:
ಧೂಮಪಾನ ನಿಷೇ
"ಉಜ್ಜಿ ತೆಗೀಲಾ?" ಅಂದ. ಬೇಡ ಅಂದೆ.
ಈಗ ಅದರ ಮೇಲೆ ಕೂತೇ ನನ್ನ ಗಂಡ ಬೀಡಿ ಹಚ್ಚುವುದು.

ವಿನೋಬನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ.
ಮೊಳೆ ಹೊಡೆಯುವಂತಿಲ್ಲ, ಮಾಲೀಕರ ಕರಾರು.
ಹಳೆಯ ಫ್ಯಾನಿನ ಕೊಕ್ಕೆ ಇತ್ತು, ಅದಕ್ಕೇ ಸಿಕ್ಕಿಸಿದೆವು.
ಸ್ವಿಚ್ಚು ಒತ್ತಿದ್ದೇ
ಸುಣ್ಣದ ಗೋಡೆ, ಗ್ಯಾಸಿನ ಸಿಲಿಂಡರು, ಅತ್ತೆಯ ಬಿಳಿ ತುರುಬು,
ಎಲ್ಲದರ ಮೇಲೂ ಚುಕ್ಕಿ ಚುಕ್ಕಿ.
ಚೆಂದ ಕಂಡಿತು. ಹೇಳಲು ನನಗೇನೂ ನಾಚಿಕೆಯಿಲ್ಲ,
ಚೆಂದಕ್ಕೇ ತಂದದ್ದು.

ಅತ್ತೆ ಬೆಳಕು ನೋಡಲಿಲ್ಲ.
ಎಣಿಸಿದರು.
ಇಪ್ಪತ್ತೆರಡು ವರ್ಷ ವೈಂಡಿಂಗ್ ಖಾತೆಯಲ್ಲಿ ನಿಂತ ಕಾಲು
ತಾನಾಗಿ ಒಂದು ಹೆಜ್ಜೆ ಹಿಂದೆ, ಎರಡು ಪಕ್ಕಕ್ಕೆ.
"ಎಷ್ಟು ಕೊಟ್ಟಿ?"
ಹೇಳಿದೆ.
"ಒಂದು ಕಳೆದರೆ ಇಡೀ ಸಾಲಿನ ಹೆಂಗಸರಿಗೆ
ಎಂಟೆಂಟಾಣೆ ಮುರಕೊಳ್ತಿದ್ದರು."
ಅಷ್ಟು ಹೇಳಿ ಟ್ರಂಕಿನ ಹತ್ತಿರ ಹೋಗಿ ಕೂತರು.

ಹದಿನಾಲ್ಕು ವರ್ಷದಿಂದ ನಾನು ಲಾಡಿಕಡ್ಡಿ ಅಂತಲೇ ತಿಳಿದದ್ದು,
ಸುತ್ತಿದ ಲಾಡಿ ಬಿಚ್ಚಿದರೆ ಅದೂ ಬಾಬಿನ್ನು.
ತುದಿಗೆ ಹಿತ್ತಾಳೆ ಬಳೆ, ಹೊಟ್ಟೆಗೆ ಅದೇ ಮಿಲ್ಲಿನ ಮುದ್ರೆ.
"ಯಾರು ಕದ್ದರು ಅಂತ ಕೊನೆಗೂ ಸಿಗಲಿಲ್ಲ.
ಫಾತಿಮಾಬಿ ಅತ್ತಳು, ಕೂಸಿನ ಹಾಲಿನ ದುಡ್ಡು ಅಂತ.
ಅವಳ ಜೊತೆ ಕೂತು ನಾನೂ ಅತ್ತೆ."
ಯಾಕೆ ತಂದಿರಿ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು:
"ನುಣುಪಾಗಿತ್ತು. ಹಿಡಿದರೆ ಕೈಗೆ ಹಿತ ಅನ್ನಿಸ್ತು.
ಮನೇಲಿ ಒಂದು ಇರಲಿ ಅಂತ."

ಮರುದಿನ ಅದನ್ನು ಹಿಡಿದು ಮತ್ತೆ ಗೋದಾಮಿಗೆ ಹೋದೆ.
ದಾದಾಪೀರ ತಿರುಗಿಸಿ ಮುರುಗಿಸಿ ನೋಡಿದ.
ವೈರಿನ ಪಕ್ಕ ತುರುಕಬಹುದು, ಆದರೆ
ಒಂದು ಕಡೆ ವಾಲ್ತೈತೆ ಅಂದ.
ವಾಲಲಿ ಅಂದೆ.

ಈಗ ದೀಪ ಸ್ವಲ್ಪ ವಾರೆ.
ಕಿಟಕಿ ಗಾಳಿಗೆ ಬಾಬಿನ್ನು ಒಂದಕ್ಕೊಂದು ತಗುಲಿ ಟಕಟಕ ಅಂದರೆ
ಊಟಕ್ಕೆ ಕೂತ ಅತ್ತೆ, ತುತ್ತು ಬಾಯಲ್ಲೇ ಇಟ್ಟುಕೊಂಡು,
ಎಡಗೈಯ ಹೆಬ್ಬೆರಳ ಮೇಲೆ ತೋರುಬೆರಳು ಹೊರಳಿಸುತ್ತಾರೆ,
ಕಡಿದ ನೂಲಿಗೆ ಗಂಟು ಹಾಕುವ ಹಾಗೆ.
ಗಂಟು ಬಿದ್ದ ಮೇಲೆ
ಚಟ್ನಿ ಕೇಳುತ್ತಾರೆ.